ಎಷ್ಟು ಹೊಸದಿದ್ದರೆ ಸಾಕು?

ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಅದರ ಲೈಬ್ರರಿಯಲ್ಲಿ ಬೈಂಡ್ ಮಾಡಿಟ್ಟ ಒಂದು ಥೀಸಿಸ್ ಇದೆ. ಅಕ್ಕಪಕ್ಕದ ಥೀಸಿಸ್‌ಗಳಿಗೂ ಅದಕ್ಕೂ ಹೊರನೋಟಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಆದರೆ ಆ ಥೀಸಿಸ್‌ಗೆ ಡಿಗ್ರಿ ಸಿಗಲಿಲ್ಲ. ಬರೆದವರು ಅನ್ನಾ ಮಣಿ.

ಅನ್ನಾ ಮಣಿ 1918ರಲ್ಲಿ ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಹುಟ್ಟಿದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಐಐಎಸ್‌ಸಿಗೆ, ಬಂದರು. ಸಿ.ವಿ. ರಾಮನ್ ಲ್ಯಾಬಿನಲ್ಲಿ ಅವರಿಗೆ ಸಿಕ್ಕಿದ ಕೆಲಸ ವಜ್ರಗಳದ್ದು. 30ಕ್ಕೂ ಹೆಚ್ಚು ವಜ್ರಗಳನ್ನ ಒಂದೊಂದಾಗಿ ತಗೊಂಡು, ಅದರ ಮೇಲೆ ಬೆಳಕು ಬಿಟ್ಟು, ಅದು ಯಾವ ಯಾವ ಬಣ್ಣದಲ್ಲಿ ಹೊಳೆಯುತ್ತೆ, ಯಾವ ಬಣ್ಣ ನುಂಗುತ್ತೆ, ತಣ್ಣಗೆ ಮಾಡಿದರೆ ಏನಾಗುತ್ತೆ ಅಂತ ಫೋಟೋಗ್ರಾಫಿಕ್ ಪ್ಲೇಟಿನ ಮೇಲೆ ದಾಖಲಿಸೋದು. ಆ ಬೆಳಕು ಎಷ್ಟು ಕ್ಷೀಣ ಅಂದರೆ ಒಂದು ಪ್ಲೇಟಿಗೆ ಹದಿನೈದು ಇಪ್ಪತ್ತು ತಾಸು ಎಕ್ಸ್‌ಪೋಶರ್ ಬೇಕಿತ್ತು. ಹಾಗಾಗಿ ರಾತ್ರಿಗಳೂ ಲ್ಯಾಬಿನಲ್ಲೇ. 1942ರಿಂದ 45ರ ಒಳಗೆ ಒಬ್ಬರ ಹೆಸರಲ್ಲೇ ಐದು ಪೇಪರು. 1945ರ ಆಗಸ್ಟ್‌ನಲ್ಲಿ ಥೀಸಿಸ್ ಬರೆದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಕೆಲಸ ಸಾಲದು ಅಂತ ಹೇಳಿದ್ದಲ್ಲ. ನಿಮ್ಮ ಹತ್ತಿರ ಎಂ.ಎಸ್ಸಿ. ಇಲ್ಲವಲ್ಲ ಅಂತ.

ಮಾಸ್ಟರ್ಸ್ ಡಿಗ್ರಿ ಅನ್ನೋದರ ಬಗ್ಗೆ ಒಂದಷ್ಟು ತಿಂಗಳಿಂದ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಈ ಕಥೆಯ ಹತ್ತಿರ ಬಂದಾಗಲೆಲ್ಲ ನಿಂತುಬಿಡುತ್ತೇನೆ. ಅವರು ಮಾಡಿದ್ದು ಪಿಎಚ್‌ಡಿಯಷ್ಟು ಕೆಲಸ. ಮಾಸ್ಟರ್ಸ್‌ಗೆ ಬೇಕಾದಷ್ಟು ಆ ಐದು ಪೇಪರಿನ ಒಂದರಲ್ಲೇ ಇತ್ತೇನೋ. ಆದರೆ ಆ ಮಟ್ಟದ ಮುದ್ರೆ ಇರಲಿಲ್ಲ. ಹಾಗಾದರೆ ಮಾಸ್ಟರ್ಸ್ ಅನ್ನೋ ಮುದ್ರೆ ಅಳೆಯೋದು ಏನನ್ನ?

ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮಾಡಿ, ಹದಿಮೂರು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯೋನು. ಈ ಪ್ರಶ್ನೆ ನನ್ನ ತಲೆಗೆ ಹಾಕಿದ್ದು ನನ್ನ ಅಕ್ಕನ ಮಗಳು. ನಮ್ಮೂರು ಕುಂಸಿಯ ಪಕ್ಕದ ಹಳ್ಳಿ, ಅಕ್ಕನನ್ನ ಕೊಟ್ಟಿರೋದು ಕುಂಸಿಗೆ. ಶಿವಮೊಗ್ಗದಿಂದ ಸಾಗರದ ರೋಡಿನಲ್ಲಿ ಆಯನೂರು ದಾಟಿದರೆ ಸಿಗೋ ಊರು. ತಾಳಗುಪ್ಪದ ರೈಲಿನಲ್ಲಿ ಹೋಗಿದ್ದರೆ ಹೆಸರು ಓದಿರ್ತೀರ. ಅಲ್ಲಿಂದ ಮುಂದೆ ಸಿಗೋ ಅರಸಾಳು ಸ್ಟೇಷನ್ ‘ಮಾಲ್ಗುಡಿ ಡೇಸ್’ನಿಂದ ಫೇಮಸ್ ಆಯಿತು, ಜನ ಇಳಿದು ಸೆಲ್ಫಿ ತಗೋತಾರೆ. ಕುಂಸಿಗೆ ಆ ಭಾಗ್ಯ ಇಲ್ಲ. ಸ್ಕೂಲಿನ ಭೂಗೋಳದ ಪುಸ್ತಕದಲ್ಲಿ ಮ್ಯಾಂಗನೀಸ್ ಎದುರಿಗೆ ಒಂದು ಸಾಲಿನಲ್ಲಿ ಬರೋ ಹೆಸರು ಅಷ್ಟೇ.

ಹುಡುಗಿ ಎಂ.ಎ. ಇತಿಹಾಸದ ಕೊನೇ ವರ್ಷ. ಡಿಸರ್ಟೇಶನ್ ಬರೀಬೇಕು. ಕುಂಸಿಯ ಮ್ಯಾಂಗನೀಸ್ ಗಣಿಗಳ ಮೇಲೆ ಬರೀತೀನಿ ಅಂದಿದ್ದಾಳೆ. ‘ಇದರಲ್ಲಿ ಹೊಸದೇನಮ್ಮ? ಗಣಿ ಇತ್ತು, ಎಲ್ಲರಿಗೂ ಗೊತ್ತು. ಕೆಳದಿ ಅರಸರ ಕೊಡುಗೆ ಅಂತ ಮಾಡು, ಮೆಟೀರಿಯಲ್ ಬೇಕಾದಷ್ಟು ಸಿಗುತ್ತೆ’ ಅಂತ ಉತ್ತರ ಬಂದಿದೆ. ಈ ಮಾತಿನ ತಮಾಷೆ ನೋಡಿ. ಹೊಸದಿಲ್ಲ ಅಂತ ಗಣಿ ಬೇಡ, ಹಳೇದು ರಾಶಿ ಇದೆ ಅಂತ ಕೆಳದಿ ಬೇಕು.

ರಾತ್ರಿ ಫೋನ್ ಮಾಡಿ ಕೇಳಿದಳು. ‘ಮಾವ, ಎಷ್ಟು ಹೊಸದು ಇದ್ರೆ ಸಾಕು? ಒಂದು ಲೆಕ್ಕ ಅಂತ ಇರುತ್ತಲ್ವಾ?’

‘ಲೆಕ್ಕ ಹಿಡಿದು ಹೇಳೋಕೆ ನಾನೇನು ಪ್ರೊಫೆಸರಾ ಮಾರಾಯ್ತಿ? ನೋಡಿ ಹೇಳ್ತೀನಿ’ ಅಂದೆ. ನಮ್ಮ ಬಿ.ಇ. ಪ್ರಾಜೆಕ್ಟಿಗೆ ಹೊಸದೇನು ಅಂತ ಯಾರೂ ಕೇಳಿರಲಿಲ್ಲ. ಎಕ್ಸಾಮಿನರ್ ಬಂದು ‘ಓಡುತ್ತಾ?’ ಅಂತ ಕೇಳಿದರು, ಓಡಿಸಿ ತೋರಿಸಿದೆವು, ಮುಗೀತು. ಇಂಜಿನಿಯರಿಂಗಿನಲ್ಲಿ ಅದು ನ್ಯಾಯವೂ ಹೌದು. ಇತಿಹಾಸದಲ್ಲಿ ಓಡಿಸಿ ತೋರಿಸೋದು ಹೇಗೆ?

ಮೊದಲು ಆ ‘ಮಾಸ್ಟರ್’ ಅನ್ನೋ ಪದ. ಯುರೋಪಿನ ಹಳೇ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ ಅಂದರೆ ಪಾಠ ಹೇಳೋಕೆ ಪರವಾನಗಿ ಪಡೆದವನು. ಅದೇ ಕಾಲದ ಕುಶಲಕರ್ಮಿಗಳ ಸಂಘಗಳಲ್ಲೂ ಮಾಸ್ಟರ್ ಇದ್ದರು. ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ಕಲಿತವನು ತಾನೇ ಒಂದು ವಸ್ತು ಮಾಡಿ ಹಿರಿಯರ ಮುಂದೆ ಇಡಬೇಕು. ಅವರು ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದರೆ ಇವನೂ ಮಾಸ್ಟರ್. ಮಾಸ್ಟರ್‌ಪೀಸ್ ಅನ್ನೋ ಪದ ಹುಟ್ಟಿದ್ದೇ ಅಲ್ಲಿ. ಈಗ ನಾವು ಅದನ್ನ ಜೀವಮಾನದ ಶ್ರೇಷ್ಠ ಕೃತಿಗೆ ಬಳಸ್ತೀವಿ. ಆಗ ಅದು ಕಸುಬಿನ ಜೀವನ ಶುರುವಾಗೋಕೆ ಕೊಡಬೇಕಾದ ಪರೀಕ್ಷೆ. ನಮ್ಮ ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡಿದವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಗಣೇಶನನ್ನ ಅವರೇನೂ ಹೊಸದಾಗಿ ಕಂಡುಹಿಡಿಯಲ್ಲ. ಆದರೆ ಆ ತುಂಡು ಮರದ ಎಳೆ ಎಲ್ಲಿ ತಿರುಗುತ್ತೆ, ಉಳಿ ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡೋದು ಆ ಒಂದು ಕೈ.

ನಮ್ಮಲ್ಲಿ ಕಥೆ ಬೇರೆ ದಾರಿಯಲ್ಲಿ ಬಂತು. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದಾಗ ಅವು ಲಂಡನ್ ಮಾದರಿಯಲ್ಲಿ ಪರೀಕ್ಷೆ ನಡೆಸೋ ಆಫೀಸುಗಳು. ಪಾಠ ಮಾಡೋದು ಕಾಲೇಜು, ಪೇಪರ್ ತೆಗೆಯೋದು, ತಿದ್ದೋದು, ಸರ್ಟಿಫಿಕೇಟ್ ಕೊಡೋದು ವಿಶ್ವವಿದ್ಯಾಲಯ. ಎಂ.ಎ. ಅಂದರೆ ಇನ್ನಷ್ಟು ಕಷ್ಟದ ಪರೀಕ್ಷೆ. ವಿಶ್ವವಿದ್ಯಾಲಯಗಳು ತಾವೇ ಕಲಿಸಬಹುದು, ಸಂಶೋಧನೆ ಮಾಡಿಸಬಹುದು ಅಂತ ಕಾನೂನು ಬಂದದ್ದು 1904ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಇನ್ನು ಕೇಂಬ್ರಿಜ್‌ನಲ್ಲಿ ಬಿ.ಎ. ಆದವರಿಗೆ ಕೆಲವು ವರ್ಷ ಕಳೆದರೆ ಪರೀಕ್ಷೆ, ಥೀಸಿಸ್ ಏನೂ ಇಲ್ಲದೆ ಎಂ.ಎ. ಕೊಡ್ತಾರೆ, ಇವತ್ತಿಗೂ. ಇದನ್ನ ಹೇಳಿದರೆ ನಮ್ಮ ಹುಡುಗಿ ಇನ್ನೊಂದು ಅಪ್ಲಿಕೇಶನ್ ಹಾಕ್ತಾಳೆ ಅಂತ ಹೇಳಿಲ್ಲ.

ರಾಮನ್ ಅವರ ಎಂ.ಎ.ಯೂ ಪರೀಕ್ಷೆ ಬರೆದು ಪಡೆದದ್ದೇ, 1907ರಲ್ಲಿ. ಅದಕ್ಕೆ ಕೆಲವು ತಿಂಗಳ ಹಿಂದೆ, 1906ರ ನವೆಂಬರಿನಲ್ಲಿ, ಅವರ ಮೊದಲ ಪೇಪರು ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜಿನ್’ನಲ್ಲಿ ಬಂದಿತ್ತು. ವಯಸ್ಸು 18. ಆ ಪೇಪರನ್ನ ಯಾವ ಡಿಗ್ರಿಗೂ ಯಾರೂ ಕೇಳಿರಲಿಲ್ಲ. ಥೀಸಿಸ್ ಬರೆದು ಡಿಗ್ರಿ ತಗೊಂಡವರಲ್ಲ ಅವರು. ಅವರ ಲ್ಯಾಬಿನಲ್ಲೇ ಕೆಲಸ ಮಾಡಿದ ಅನ್ನಾ ಮಣಿ ಥೀಸಿಸ್ ಬರೆದೂ ಡಿಗ್ರಿ ಇಲ್ಲದೆ ಉಳಿದರು.

ಟಾಟಾ ಇನ್‌ಸ್ಟಿಟ್ಯೂಟ್ 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ವಿದ್ಯಾರ್ಥಿಗಳನ್ನ ತಗೊಂಡರೂ, ತನ್ನದೇ ಡಿಗ್ರಿ ಕೊಡೋ ಅಧಿಕಾರ ಅದಕ್ಕೆ ಬಂದದ್ದು 1958ರಲ್ಲಿ. ಅಲ್ಲಿವರೆಗೆ ಕೆಲಸ ಬೆಂಗಳೂರಿನಲ್ಲಿ, ಡಿಗ್ರಿ ಬಾಂಬೆಯಿಂದಲೋ ಮದ್ರಾಸಿನಿಂದಲೋ. ಈ ವ್ಯವಸ್ಥೆಯಲ್ಲಿ ಸಂಶೋಧನೆ ಮಾಡಿಯೇ ಎಂ.ಎಸ್ಸಿ. ಪಡೆದ ಒಬ್ಬರ ಕಥೆ ನನಗೆ ಉಪಯೋಗಕ್ಕೆ ಬಂತು.

ಕಮಲಾ ಭಾಗವತ್. ಮದುವೆಯಾದ ಮೇಲೆ ಕಮಲಾ ಸೊಹೋನಿ. ಅವರ ಅಪ್ಪ, ಚಿಕ್ಕಪ್ಪ ಇಬ್ಬರೂ ಇದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಕೆಮಿಸ್ಟ್‌ಗಳು. 1933ರಲ್ಲಿ ಬಾಂಬೆಯಲ್ಲಿ ಬಿ.ಎಸ್ಸಿ.ಯನ್ನ ಮೊದಲ ಸ್ಥಾನದಲ್ಲಿ ಪಾಸು ಮಾಡಿ ಇಲ್ಲಿಗೆ ಅರ್ಜಿ ಹಾಕಿದರು. ಆ ವರ್ಷವೇ ರಾಮನ್ ಡೈರೆಕ್ಟರ್ ಆಗಿದ್ದರು. ಹೆಣ್ಣು ಅನ್ನೋ ಕಾರಣಕ್ಕೆ ಸೀಟು ಇಲ್ಲ ಅಂದರು. ಕಮಲಾ ಬಿಡಲಿಲ್ಲ. ರೈಲು ಹತ್ತಿ ಬೆಂಗಳೂರಿಗೆ ಬಂದು ಎದುರಿಗೇ ಕೇಳಿದರು, ಸತ್ಯಾಗ್ರಹ ಮಾಡ್ತೀನಿ ಅಂತ ಕೂತರು. ಕೊನೆಗೆ ಷರತ್ತಿನ ಮೇಲೆ ಒಳಗೆ ಬಿಟ್ಟರು. ಮೊದಲ ಒಂದು ವರ್ಷ ರೆಗ್ಯುಲರ್ ವಿದ್ಯಾರ್ಥಿ ಅಂತ ಲೆಕ್ಕ ಇಲ್ಲ. ಗೈಡ್ ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು. ಈ ಮೂರನೇ ಷರತ್ತು ಓದಿದಾಗ ನನಗೆ ಬಂದ ಸಿಟ್ಟನ್ನ ಇಲ್ಲಿ ಬರೆದರೆ ಲೇಖನ ಬೇರೆ ಕಡೆ ಹೋಗುತ್ತೆ. ಅದರ ಅವಮಾನವನ್ನ ಮರೆಯಲು ಆಗಲಿಲ್ಲ ಅಂತ ಸೊಹೋನಿ ಎಷ್ಟೋ ವರ್ಷದ ನಂತರವೂ ಹೇಳಿಕೊಂಡರು.

ಗೈಡ್ ಆಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮೇಷ್ಟ್ರು, ಆದರೆ ಕಲಿಯೋರು ಬಂದರೆ ಖುಷಿಪಡೋರು. ಕಮಲಾ ಹಿಡಿದ ವಿಷಯ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನ್. ಒಂದು ವರ್ಷ ಆದ ಮೇಲೆ ರಾಮನ್ ಅವರ ಕೆಲಸ ನೋಡಿ ಒಪ್ಪಿ ರೆಗ್ಯುಲರ್ ಮಾಡಿದರು, ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆಗೆಯಿತು. 1936ರಲ್ಲಿ ಆ ಸಂಶೋಧನೆಯನ್ನೇ ಬಾಂಬೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ ಎಂ.ಎಸ್ಸಿ. ಪಡೆದರು.

ಆ ಎಂ.ಎಸ್ಸಿ. ಕೆಲಸದಲ್ಲಿ ಹೊಸದೇನಿತ್ತು ಅಂತ ನಮ್ಮ ಹುಡುಗಿಯ ಮಾತಿನಲ್ಲೇ ಕೇಳೋಣ. ಪ್ರೋಟೀನ್ ಅನ್ನೋ ಪದಾರ್ಥ ಇದೆ ಅಂತ ನೂರು ವರ್ಷದಿಂದ ಗೊತ್ತಿತ್ತು. ಅದನ್ನ ಬೇರ್ಪಡಿಸೋ ವಿದ್ಯೆಯೂ ಯುರೋಪಿನಲ್ಲಿ ಬೆಳೆದಿತ್ತು. ಬೇಳೆ ಅಂತೂ ನಮ್ಮ ಅಡುಗೆಮನೆ ಡಬ್ಬಿಯಲ್ಲಿ ಯಾವತ್ತಿನಿಂದಲೋ ಇದೆ. ಈ ದೇಶದ ಬಡವರು ದಿನಾ ತಿನ್ನೋ ಕಾಳಿನಲ್ಲಿ ನಿಜವಾಗಿ ಏನಿದೆ ಅಂತ ಒಂದು ಟೇಬಲ್ಲಿನ ಮುಂದೆ ಕೂತು ಅಳೆಯೋ ಕೆಲಸ ಮಾತ್ರ ಬಾಕಿ ಇತ್ತು. ಗೊತ್ತಿರೋ ವಿಧಾನ, ಗೊತ್ತಿರೋ ವಸ್ತು, ಅಳತೆ ಇವರದ್ದು. ಇಷ್ಟು ಸಾಕಾಯಿತು.

ಪುಟದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡ್ತೀನಿ. ಇದೇ ಕಮಲಾ ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಗಿಡಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಅನ್ನೋ ವಸ್ತು ಇದೆ ಅಂತ ಆಲೂಗಡ್ಡೆ ಇಟ್ಟುಕೊಂಡು ಕಂಡುಹಿಡಿದರು. ಹದಿನಾಲ್ಕು ತಿಂಗಳಲ್ಲಿ ಪಿಎಚ್‌ಡಿ ಕೆಲಸ ಮುಗಿಸಿದರು. ಆ ಥೀಸಿಸ್ 40 ಪುಟ. ನಮ್ಮಲ್ಲಿ ಎಂ.ಎ. ಡಿಸರ್ಟೇಶನ್ನಿಗೆ ‘ಕನಿಷ್ಠ ಎಂಬತ್ತು ಪುಟ ಬರಲಿ’ ಅಂತ ಹೇಳೋದು ಕೇಳಿದ್ದೇನೆ. ಎಂಬತ್ತು ಪುಟ ಬರುತ್ತೆ. ಮೊದಲ ಅಧ್ಯಾಯದಲ್ಲಿ ಜಿಲ್ಲೆಯ ಮಳೆ, ಮಣ್ಣು, ನದಿ, ಜನಸಂಖ್ಯೆ ಹಾಕಿದರೆ ಮೂವತ್ತು ಪುಟ ತಾನಾಗೇ ತುಂಬುತ್ತೆ.

ನಮ್ಮ ಕಡೆಯವರಿಗೆ, ಅಂದರೆ ಸಾಫ್ಟ್‌ವೇರಿನವರಿಗೆ, ಇನ್ನೊಂದು ಉದಾಹರಣೆ ಹತ್ತಿರದ್ದು. ಕ್ಲಾಡ್ ಶಾನನ್ 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರೆದ ಮಾಸ್ಟರ್ಸ್ ಥೀಸಿಸ್. ಆಗ ಅವನಿಗೆ 21 ವರ್ಷ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ರಿಲೇ ಸ್ವಿಚ್ಚುಗಳು ಇದ್ದವು, ಇಂಜಿನಿಯರುಗಳು ಅನುಭವದ ಮೇಲೆ ಜೋಡಿಸುತ್ತಿದ್ದರು. ಇನ್ನೊಂದು ಕಡೆ, ಸರಿ-ತಪ್ಪುಗಳನ್ನ ಲೆಕ್ಕದಂತೆ ಬರೆಯೋ ಬೀಜಗಣಿತವನ್ನ ಜಾರ್ಜ್ ಬೂಲ್ 1854ರ ಪುಸ್ತಕದಲ್ಲಿ ವಿವರವಾಗಿ ಬರೆದಿಟ್ಟಿದ್ದ, ಅದನ್ನ ತರ್ಕಶಾಸ್ತ್ರದವರು ಓದುತ್ತಿದ್ದರು. ಸ್ವಿಚ್ಚು ಆನ್ ಅಥವಾ ಆಫ್, ಮಾತು ಸರಿ ಅಥವಾ ತಪ್ಪು, ಎರಡೂ ಒಂದೇ ಲೆಕ್ಕ ಅಂತ ಶಾನನ್ ತೋರಿಸಿದ. ರಿಲೇ ಅವನದ್ದಲ್ಲ, ಬೀಜಗಣಿತವೂ ಅವನದ್ದಲ್ಲ. ಎರಡರ ಮಧ್ಯೆ ಹಾಕಿದ ಗಂಟು ಅವನದ್ದು. ನಾವು ದಿನಾ ಬರೆಯೋ ‘ಇಫ್’ ಕಂಡೀಶನ್ನು ಹಾರ್ಡ್‌ವೇರಿನ ಮೇಲೆ ಓಡೋದರ ಹಿಂದೆ ಆ ಗಂಟಿದೆ.

ನಮ್ಮ ಟೀಮಿನಲ್ಲಿ ಪಿಎಚ್‌ಡಿ ಮಾಡಿದವರೊಬ್ಬರಿದ್ದಾರೆ. ಅವರ ಪ್ರಕಾರ ಮಾಸ್ಟರ್ಸ್‌ಗೆ ಹೊಸದು ಬೇಕಾಗೇ ಇಲ್ಲ. ಇರೋದನ್ನ ಓದಿ, ಅರ್ಥ ಮಾಡಿಕೊಂಡು, ಅಚ್ಚುಕಟ್ಟಾಗಿ ಬರೆದರೆ ಸಾಕು, ಹೊಸದೆಲ್ಲ ಪಿಎಚ್‌ಡಿಗೆ. ಶಾನನ್ ಉದಾಹರಣೆ ಕೊಟ್ಟರೆ ‘ಅದು ಅಪವಾದ’ ಅಂದರು. ಅಪವಾದ ಹೌದು. ಆದರೆ ನಾನು ಅವರ ಮಾತನ್ನ ಅರ್ಧ ಮಾತ್ರ ಒಪ್ತೀನಿ. ಹೊಸ ಸಿದ್ಧಾಂತ ಬೇಡ, ಸರಿ. ಆದರೆ ಬೇರೆಯವರು ಹೇಳಿದ್ದನ್ನ ಮಾತ್ರ ಸೇರಿಸಿ ಬರೆದರೆ ಓದಿದವನಿಗೆ ನೀನು ಓದಿದ್ದೀಯ ಅಂತ ಗೊತ್ತಾಗುತ್ತೆ, ನಿನಗೆ ಕೆಲಸ ಬರುತ್ತೆ ಅಂತ ಗೊತ್ತಾಗಲ್ಲ. ಎಲ್ಲೋ ಒಂದು ಕಡೆ, ಚಿಕ್ಕದಾದರೂ, ನಿನ್ನ ಕಣ್ಣಿನಿಂದ ನೋಡಿದ, ನಿನ್ನ ಕೈಯಿಂದ ಎಣಿಸಿದ ಒಂದು ವಿಷಯ ಇರಬೇಕು.

ಇತಿಹಾಸದಲ್ಲಿ ಈ ‘ಒಂದು ವಿಷಯ’ ಎಲ್ಲಿಂದ ಬರುತ್ತೆ? ಎಲ್ಲಾ ಶಾಸನ ಓದಿ ಆಗಿದೆ, ಎಲ್ಲಾ ರಾಜರೂ ಮುಗಿದಿದ್ದಾರೆ ಅನ್ನೋದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಕೇಳೋ ಮಾತು. ಅದಕ್ಕೆ ಉತ್ತರವೂ ನಮ್ಮ ಜಿಲ್ಲೆಯಲ್ಲೇ ಇದೆ.

ಬಿ.ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವನು. ಮೈಸೂರು ಸಂಸ್ಥಾನದ ಉದ್ದಗಲ ಓಡಾಡಿ ಸುಮಾರು ಒಂಬತ್ತು ಸಾವಿರ ಶಾಸನ ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನ ತಂದ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನ ಇರೋ ಏಳನೇ ಸಂಪುಟ ಬಂದದ್ದು 1902ರಲ್ಲಿ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಶಾಸನ ಅದರಲ್ಲಿದೆ. ಓದೋಕೆ ಅಂತ ಗುರುವಿನ ಜೊತೆ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಜಗಳವಾಗಿ ಪುಸ್ತಕ ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಅಂತ ಹೇಳೋ ಶಾಸನ ಅದು. ಉನ್ನತ ಶಿಕ್ಷಣದ ಜಗಳಗಳು ನಮ್ಮ ಕಡೆ ಹೊಸದಲ್ಲ. ಸರಿ, ರೈಸ್ ಓದಿದ, ಅಚ್ಚಾಯಿತು. ಆಮೇಲೆ ನೂರಾರು ವಿದ್ವಾಂಸರು ಆ ಗುಡಿಗೆ ಹೋಗಿ ಬಂದರು. 2013ರಲ್ಲಿ ಪುರಾತತ್ವ ಇಲಾಖೆ ಅದೇ ಗುಡಿಯ ಅಂಗಳದಲ್ಲಿ ಅಗೆದಾಗ ಸಿಂಹಕಟಾಂಜನದ ಕಲ್ಲಿನ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದನ್ನ ಕ್ರಿ.ಶ. 370ರದ್ದು ಅಂತ ಗುರುತಿಸಿ, ಹಲ್ಮಿಡಿಗಿಂತ ಹಳೇ ಕನ್ನಡ ಶಾಸನ ಅಂದರು. ಮುಗೀತು ಅಂದುಕೊಂಡ ಜಾಗದಲ್ಲಿ 111 ವರ್ಷದ ನಂತರ.

ಅಗೆಯೋ ಅವಕಾಶ ಎಲ್ಲರಿಗೂ ಸಿಗಲ್ಲ, ನಿಜ. ಅಗೆಯದೇ ಮಾಡಿದವರೂ ಇದ್ದಾರೆ. ಎಂ. ಚಿದಾನಂದಮೂರ್ತಿ ಹುಟ್ಟಿದ್ದು 1931ರಲ್ಲಿ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ, ಆಗ ಅದು ಶಿವಮೊಗ್ಗ ಜಿಲ್ಲೆಯೇ. ಅವರ ಪಿಎಚ್‌ಡಿ ಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಅದರ ಸಾಮಗ್ರಿ. ಆ ಶಾಸನಗಳಲ್ಲಿ ಹೆಚ್ಚಿನವು ರೈಸ್ ಮತ್ತು ಅವನ ನಂತರದವರ ಸಂಪುಟಗಳಲ್ಲಿ ಮೊದಲೇ ಅಚ್ಚಾಗಿದ್ದವು. ಯಾವ ರಾಜ, ಯಾವ ಇಸವಿ, ಯಾವ ಯುದ್ಧ ಅಂತ ಅವುಗಳಲ್ಲಿ ಹುಡುಕಿದ್ದರು. ಚಿದಾನಂದಮೂರ್ತಿ ಅದೇ ಕಲ್ಲುಗಳಲ್ಲಿ ಊರಿನ ಆಡಳಿತ ಹೇಗಿತ್ತು, ಶಾಲೆ ಹೇಗಿತ್ತು, ದನ ಕಾಯಲು ಹೋರಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದ ಜನ ಸಾವಿನ ಬಗ್ಗೆ ಏನು ನಂಬಿದ್ದರು ಅಂತ ಕೇಳಿದರು. ಕಲ್ಲು ಹಳೇದು, ಪ್ರಶ್ನೆ ಹೊಸದು. ಅದು ಪಿಎಚ್‌ಡಿ ಗಾತ್ರದ ಕೆಲಸ, ಏಳುನೂರು ವರ್ಷದ ಹರವು. ಅದರಲ್ಲಿ ಒಂದು ಹೋಬಳಿ, ಒಂದು ಪ್ರಶ್ನೆ ತಗೊಂಡರೆ ಎಂ.ಎ. ಗಾತ್ರ ಆಗುತ್ತೆ.

ಈಗಿನ ಕಾಲದಲ್ಲಿ ಹೊಸತನಕ್ಕೆ ಒಂದು ಅಂಕಿ ಬಂದುಬಿಟ್ಟಿದೆ. ಯುಜಿಸಿ 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮ ಮಾಡಿತು. ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವ ಹಾಗಿಲ್ಲ. ಅದಕ್ಕೂ ಮೇಲಾದರೆ ರಿಜಿಸ್ಟ್ರೇಶನ್ನೇ ರದ್ದು. ಕದಿಯೋರನ್ನ ಹಿಡಿಯೋಕೆ ಇದು ಬೇಕಿತ್ತು, ತಕರಾರಿಲ್ಲ. ಆದರೆ ಇಂಥ ಸಾಫ್ಟ್‌ವೇರ್ ಏನು ಮಾಡುತ್ತೆ ಅಂತ ನಮಗೆ ಗೊತ್ತು, ಸಾಲಿಗೆ ಸಾಲು ಹೋಲಿಸುತ್ತೆ. ಹಳೇ ಪುಸ್ತಕದ ವಾಕ್ಯಗಳನ್ನ ಹಿಂದೆ ಮುಂದೆ ಮಾಡಿ, ಪದ ಬದಲಿಸಿ ಬರೆದವನು 3 ಪರ್ಸೆಂಟಿನಲ್ಲಿ ಪಾಸು. ಊರಿನ ಹಳೇ ದಾಖಲೆ ಹುಡುಕಿ ಅದನ್ನ ಇದ್ದ ಹಾಗೇ ಕೊಟ್ಟವಳಿಗೆ ಉದ್ಧರಣೆ ಚಿಹ್ನೆ ಎಲ್ಲಿ ಬಿಟ್ಟುಹೋಯಿತು ಅಂತ ಚಿಂತೆ. ಮಾತು ಹೊಸದಾಗಿರೋದು ಬೇರೆ, ವಿಷಯ ಹೊಸದಾಗಿರೋದು ಬೇರೆ. ಮೆಷಿನ್ನಿಗೆ ಮೊದಲನೇದು ಮಾತ್ರ ಕಾಣುತ್ತೆ. ಎರಡನೇದನ್ನ ಗೈಡ್ ನೋಡಬೇಕು, ಅದಕ್ಕೆ ಗೈಡ್ ಆ ಥೀಸಿಸ್ ಓದಬೇಕು.

ಇಷ್ಟೆಲ್ಲ ಆದ ಮೇಲೆ ಕುಂಸಿಗೆ ಬರ್ತೀನಿ.

ಗಣಿಯ ಬಗ್ಗೆ ಗೊತ್ತಿರೋದು ಏನು ಅಂತ ಮೊದಲು ಪಟ್ಟಿ ಮಾಡಿದೆವು, ನಾನು ಬೆಂಗಳೂರಿನಲ್ಲಿ, ಅವಳು ಶಿವಮೊಗ್ಗದಲ್ಲಿ ಕೂತು, ಒಂದೇ ಶೀಟಿನಲ್ಲಿ. ರೈಸ್‌ನ ಗೆಜೆಟಿಯರ್ ಪ್ರಕಾರ ಊರಿನ ಹಳೇ ಹೆಸರು ಕುಂಭಸಿ, ಹುಂಚದ ಜಿನದತ್ತ ದತ್ತಿ ಬಿಟ್ಟ ಊರು. ಇದು ಗಣಿಗೆ ಸಂಬಂಧ ಇಲ್ಲ, ಆದರೂ ಅವಳಿಗೆ ಬಿಡೋಕೆ ಮನಸ್ಸಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ಶುರುಮಾಡಿತು, ಅದರ ವರದಿಗಳಿವೆ. 20ನೇ ಶತಮಾನದ ಮೊದಲ ದಶಕದಲ್ಲಿ ಈ ಕಡೆ ಮ್ಯಾಂಗನೀಸ್ ತೆಗೆಯೋದು ಜೋರಾಯಿತು. ಎಲ್.ಎಲ್. ಫರ್ಮರ್ ಅನ್ನೋ ಭೂವಿಜ್ಞಾನಿ ಇಡೀ ಭಾರತದ ಮ್ಯಾಂಗನೀಸಿನ ಮೇಲೆ 1909ರಲ್ಲಿ ಸಾವಿರಕ್ಕೂ ಹೆಚ್ಚು ಪುಟದ ಗ್ರಂಥ ತಂದ, ಶಿವಮೊಗ್ಗದ ನಿಕ್ಷೇಪಗಳೂ ಅದರಲ್ಲಿವೆ. ಅದರ ಮುಖ್ಯ ಕಾಳಜಿ ಅದಿರು. ಎಲ್ಲಿ, ಎಷ್ಟು, ಯಾವ ದರ್ಜೆ.

ಭದ್ರಾವತಿ ಕಾರ್ಖಾನೆಯ ಕಥೆ ಹೀಗಿಲ್ಲ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿತು, ಅದರ ಹಿಂದೆ ವಿಶ್ವೇಶ್ವರಯ್ಯ ಅನ್ನೋ ಹೆಸರಿದೆ. ನೂರು ವರ್ಷ ತುಂಬಿದ 2023ರಲ್ಲೇ ಅದನ್ನ ಮುಚ್ಚೋ ತೀರ್ಮಾನ ಬಂದಾಗ ಪೇಪರಿನಲ್ಲಿ ದಿನಾ ಸುದ್ದಿ, ಬೀದಿಯಲ್ಲಿ ಹೋರಾಟ. ಕುಂಸಿಯ ಗಣಿಗೆ ಅಂಥ ದೊಡ್ಡ ಹೆಸರು ಅಂಟಿಕೊಳ್ಳಲಿಲ್ಲ. ಬುಟ್ಟಿ ಹೊತ್ತವರ ಹೆಸರು ಕೇಳೋದು ದೂರದ ಮಾತು.

ಪಟ್ಟಿ ಮುಗಿದ ಮೇಲೆ ನನ್ನ ಕಸುಬಿನ ಭಾಷೆಯಲ್ಲಿ ಹೇಳಿದೆ. ನಾವು ಕೋಡ್ ರಿವ್ಯೂಗೆ ಕಳಿಸುವಾಗ ಇಡೀ ಪ್ರೋಗ್ರಾಮ್ ಯಾರೂ ಓದಲ್ಲ, ‘ಡಿಫ್’ ಓದ್ತಾರೆ. ನಿನ್ನೆವರೆಗೆ ಹೀಗಿತ್ತು, ಇವತ್ತು ಈ ಸಾಲುಗಳು ಸೇರಿದವು, ಈ ಸಾಲು ಹೋಯಿತು. ಸಾವಿರ ಸಾಲು ಬದಲಿಸಿದ ಡಿಫ್ ಒಳ್ಳೇದು ಅಂತ ಯಾವ ಹಿರಿಯ ಇಂಜಿನಿಯರೂ ಹೇಳಲ್ಲ. ಹತ್ತು ಸಾಲು ಬದಲಿಸಿ, ಯಾಕೆ ಬದಲಿಸಿದೆ ಅಂತ ಬರೆದು, ಪರೀಕ್ಷೆ ಮಾಡಿ ತೋರಿಸಿದರೆ ಸಂತೋಷವಾಗಿ ಒಪ್ಪುತ್ತಾರೆ. ನಿನ್ನ ಡಿಸರ್ಟೇಶನ್ನಿನ ಡಿಫ್ ಏನು ಅಂತ ಒಂದು ಪ್ಯಾರಾದಲ್ಲಿ ಬರಿ, ಆಮೇಲೆ ಉಳಿದದ್ದು.

‘ಗೊತ್ತಿರೋದು ಅದಿರಿನ ಕಥೆ. ನಾನು ಹೇಳೋದು ಜನರ ಕಥೆ’ ಅಂತ ಬರೆದು ಕಳಿಸಿದಳು. ಕೇಳೋಕೆ ಚೆನ್ನಾಗಿದೆ, ಡಿಫ್ ಅಲ್ಲ. ಜನರ ಕಥೆ ಅಂದರೆ ಯಾವ ಜನ, ಯಾವ ವರ್ಷ, ನಿನಗೆ ಹೇಗೆ ಗೊತ್ತು? ನಾಲ್ಕು ಸಲ ಆ ಕಡೆ ಈ ಕಡೆ ಆದ ಮೇಲೆ ಎರಡು ಚಿಕ್ಕ ಕೆಲಸಕ್ಕೆ ಬಂದು ನಿಂತಿತು.

ಒಂದು, 1901, 1911, 1921ರ ಸೆನ್ಸಸ್. ಕುಂಸಿ ಮತ್ತು ಸುತ್ತಲ ಹಳ್ಳಿಗಳ ಜನಸಂಖ್ಯೆ ಆ ಇಪ್ಪತ್ತು ವರ್ಷದಲ್ಲಿ ಏನಾಯಿತು? ಗಣಿ ಇರೋ ಹಳ್ಳಿಗೂ ಇಲ್ಲದ ಹಳ್ಳಿಗೂ ವ್ಯತ್ಯಾಸ ಇದೆಯಾ? ಇದರಲ್ಲಿ ಗಲಿಬಿಲಿ ಬಹಳ ಇದೆ. ಮಲೆನಾಡಿನ ಮಲೇರಿಯಾ ಇದೆ, ಆ ಕಾಲದ ಪ್ಲೇಗ್ ಇದೆ, 1918ರ ಇನ್‌ಫ್ಲುಯೆಂಜಾ ಇದೆ. ಜನ ಕಡಿಮೆಯಾದರೆ ಯಾವುದರಿಂದ ಅಂತ ಹೇಳೋದು ಕಷ್ಟ. ಹೇಳೋಕಾಗಲ್ಲ ಅಂತ ಬಂದರೆ ಅದನ್ನೇ ಬರಿ, ಯಾಕೆ ಆಗಲ್ಲ ಅಂತ ವಿವರಿಸು ಅಂದೆ. ಅದೂ ಒಂದು ಫಲಿತಾಂಶ. ಇದಕ್ಕೆ ಅವಳು ಒಪ್ಪಲಿಲ್ಲ ಮೊದಲು, ‘ಹಾಗೆ ಬರೆದರೆ ಮಾರ್ಕ್ಸ್ ಕೊಡ್ತಾರಾ ಮಾವ?’ ಅಂದಳು. ಕೊಡಬೇಕು. ಕೊಡ್ತಾರೋ ಇಲ್ಲವೋ ನಾನು ಹೇಳಲಾರೆ.

ಎರಡನೇದು ಮಾತು ಕೇಳೋದು. ಗಣಿಯಲ್ಲಿ ಕೆಲಸ ಮಾಡಿದ, ಅಥವಾ ಅಪ್ಪ ಅಮ್ಮ ಮಾಡಿದ್ದನ್ನ ಕಂಡ ಹಿರಿಯರು ಹತ್ತು ಹನ್ನೆರಡು ಮಂದಿ. ಎಲ್ಲರಿಗೂ ಒಂದೇ ಪ್ರಶ್ನೆಗಳು. ಎಷ್ಟು ವಯಸ್ಸಿಗೆ ಹೋದಿರಿ, ಏನು ಹೊತ್ತಿರಿ, ಕೂಲಿ ಹೇಗೆ ಎಣಿಸುತ್ತಿದ್ದರು, ಮಳೆಗಾಲದಲ್ಲಿ ಏನು ಮಾಡುತ್ತಿದ್ದಿರಿ, ಆ ಗುಂಡಿಗಳನ್ನ ಏನಂತ ಕರೆಯುತ್ತಿದ್ದಿರಿ. ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದ ಕಡತ ಮುಂದಿನ ವರ್ಷವೂ ಅಲ್ಲೇ ಇರುತ್ತೆ. ಎಂಬತ್ತೈದು ದಾಟಿದವರು ಇರ್ತಾರೆ ಅಂತ ಹೇಳೋಕಾಗಲ್ಲ. ಕೆಳದಿ ಅರಸರು ಕಾಯಬಹುದು, ಇವರು ಕಾಯಲಾರರು ಅಂತ ಅವಳೇ ಒಂದು ಪತ್ರ ಬರೆದು ಗೈಡ್ ಕೈಗೆ ಕೊಟ್ಟಳು. ಅದನ್ನ ನಾನು ಹೇಳಿಕೊಟ್ಟದ್ದಲ್ಲ. ವಿಷಯಕ್ಕೆ ಒಪ್ಪಿಗೆ ಬಂತು, ‘ಸೆನ್ಸಸ್ ಭಾಗ ಗಟ್ಟಿ ಇರಲಿ’ ಅನ್ನೋ ಮಾತಿನ ಜೊತೆ.

ಮೊದಲ ಮಾತುಕತೆ ಕಳೆದ ಭಾನುವಾರ ಆಯಿತು. ಹಿಟ್ಟಂಡೆ ಕಾಲುಗಂಟೆ ಸಿಗದ ಅಜ್ಜಿ ಸಿಕ್ಕಿದ್ದೇ ದೊಡ್ಡದು. ಇವಳು ಮೊಬೈಲ್ ಆನ್ ಮಾಡಿ ಮೊದಲ ಪ್ರಶ್ನೆ ಕೇಳೋ ಮೊದಲೇ ಅಜ್ಜಿ ‘ನೀ ಯಾರ ಮಗಳೇ?’ ಅಂತ ಶುರುಮಾಡಿದರಂತೆ. ಎರಡು ತಾಸಿನ ರೆಕಾರ್ಡಿಂಗಿನಲ್ಲಿ ಗಣಿಯ ಮಾತು ಇಪ್ಪತ್ತು ನಿಮಿಷ, ಉಳಿದದ್ದೆಲ್ಲ ಇವಳ ಮದುವೆ ಯಾವಾಗ ಅಂತ. ಆ ಇಪ್ಪತ್ತು ನಿಮಿಷವನ್ನ ಅಕ್ಷರಕ್ಕೆ ಅಕ್ಷರ ಬರೆದಿಟ್ಟಿದ್ದಾಳೆ, ಒಂಬತ್ತು ಪುಟ ಬಂದಿದೆ. ಅದರಲ್ಲಿ ಗುಂಡಿಗಳಿಗೆ ಅಜ್ಜಿ ಹೇಳಿದ ಮೂರು ಹೆಸರುಗಳ ಕೆಳಗೆ ಗೆರೆ ಎಳೆದು, ಸರ್ವೆ ಮ್ಯಾಪಿನಲ್ಲಿ ಇವು ಇವೆಯಾ ನೋಡಬೇಕು ಅಂತ ಪಕ್ಕದಲ್ಲಿ ಬರೆದುಕೊಂಡಿದ್ದಾಳೆ.